ಹೊಟ್ಟೆಪಾಡು ಮತ್ತು ಪ್ರಜಾಪ್ರಭುತ್ವ: ಕಮ್ಯುನಿಸ್ಟ್ ಆಡಳಿತ ಮುಗಿದ ದೇಶಗಳಿಂದ ಒಂದು ಪಾಠ



ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಯವರು ಒಂದು ಕಂಪನಿಗೆ ಹಣ ಹಾಕಿದ್ದರು. ತಿಂಗಳು ತಿಂಗಳು ಒಳ್ಳೆಯ ಲಾಭ ಕೊಡುತ್ತೇವೆ ಎಂದಿದ್ದರು. ಅಮ್ಮಿಯ ಎರಡು ಬಳೆ ಮಾರಿದ ದುಡ್ಡೂ ಅದರಲ್ಲಿತ್ತು. ಕೆಲವು ತಿಂಗಳು ಲಾಭ ಬಂತು, ಆಮೇಲೆ ಕಂಪನಿಯ ಬಾಗಿಲಿಗೆ ಬೀಗ ಬಿತ್ತು. ಅದಾದ ಮೇಲೆ ಬಂದ ಚುನಾವಣೆಯಲ್ಲಿ ಅಬ್ಬಾ ಮತ ಹಾಕಲು ಹೋಗಲಿಲ್ಲ. "ಯಾರು ಗೆದ್ದರೆ ನಮ್ಮ ದುಡ್ಡು ವಾಪಸ್ ಬರುತ್ತೆ ಹೇಳು?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಕಳೆದ ವರ್ಷ 1991ರ ಆರ್ಥಿಕ ಸುಧಾರಣೆಗಳ ಪಾಠ ಮಾಡುವಾಗ ನಮ್ಮ ಅರ್ಥಶಾಸ್ತ್ರದ ಮೇಡಂ ಒಂದು ಮಾತು ಹೇಳಿದರು. ನಮ್ಮಲ್ಲಿ ಉದಾರೀಕರಣ ಬಂದ ಕಾಲದಲ್ಲೇ ಪೂರ್ವ ಯುರೋಪಿನ ದೇಶಗಳು ಆರ್ಥಿಕ ವ್ಯವಸ್ಥೆ, ಆಡಳಿತ ವ್ಯವಸ್ಥೆ ಎರಡನ್ನೂ ಒಟ್ಟಿಗೇ ಬದಲಾಯಿಸಿದವಂತೆ. ಅಲ್ಲಿ ಬೆಲೆ ಏರಿ, ಕೆಲಸ ಹೋದಾಗ ಜನ ಪ್ರಜಾಪ್ರಭುತ್ವದ ಬಗ್ಗೆ ಏನಂದುಕೊಂಡರು? ಇದು ಅಬ್ಬಾ ಕೇಳಿದ ಪ್ರಶ್ನೆಯೇ ಅನ್ನಿಸಿತು. ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಎರಡು ಬಗೆಯ ಬೆಂಬಲ

ಡೇವಿಡ್ ಈಸ್ಟನ್ ಎಂಬ ರಾಜ್ಯಶಾಸ್ತ್ರಜ್ಞರು ಜನರ ಬೆಂಬಲವನ್ನು ಎರಡಾಗಿ ವಿಂಗಡಿಸಿದ್ದಾರೆ. ಒಂದು, ಈಗಿನ ಸರ್ಕಾರದ ಕೆಲಸ ನೋಡಿ ಕೊಡುವ ಬೆಂಬಲ. ಇನ್ನೊಂದು, ವ್ಯವಸ್ಥೆಯ ಮೇಲೆಯೇ ಇರುವ ನಂಬಿಕೆ. ಅಕೌಂಟೆನ್ಸಿ ಓದುವ ನಮಗೆ ಇದು ಸುಲಭ: ಮೊದಲನೆಯದು ಈ ವರ್ಷದ ಲಾಭ-ನಷ್ಟ, ಎರಡನೆಯದು ಗುಡ್‌ವಿಲ್. ಹಳೆಯ ಅಂಗಡಿಗೆ ಒಂದು ವರ್ಷ ನಷ್ಟವಾದರೂ ಗಿರಾಕಿಗಳು ಬಿಟ್ಟು ಹೋಗುವುದಿಲ್ಲ. ಹೊಸ ಅಂಗಡಿಗೆ ಆ ಗುಡ್‌ವಿಲ್ ಇರುವುದಿಲ್ಲ. 1990ರ ಸುಮಾರಿಗೆ ಈ ದೇಶಗಳ ಪ್ರಜಾಪ್ರಭುತ್ವ ಹೊಸ ಅಂಗಡಿಯಂತಿತ್ತು. ಬಾಗಿಲು ತೆರೆದ ಕೂಡಲೇ ನಷ್ಟ ಬಂತು.

ಪೋಲೆಂಡ್

ಇಲ್ಲಿ 1990ರ ಜನವರಿ 1ರಿಂದ ಹಣಕಾಸು ಸಚಿವ ಲೆಶೆಕ್ ಬಾಲ್ಸೆರೋವಿಚ್ ಅವರ ಯೋಜನೆ ಜಾರಿಗೆ ಬಂತು. ಬೆಲೆ ನಿಯಂತ್ರಣ ತೆಗೆದರು, ಸಬ್ಸಿಡಿ ಕಡಿಮೆ ಮಾಡಿದರು. ಕಾರ್ಖಾನೆಗಳು ಮುಚ್ಚಿದವು. 1993ರ ಕೊನೆಗೆ ನಿರುದ್ಯೋಗ ಶೇ. 16 ದಾಟಿತ್ತು. ಸಿಟ್ಟಾದ ಜನ ಅದೇ ವರ್ಷದ ಚುನಾವಣೆಯಲ್ಲಿ ಹಿಂದಿನ ಕಮ್ಯುನಿಸ್ಟರ ಪಕ್ಷವನ್ನೇ ಗೆಲ್ಲಿಸಿದರು. 1995ರಲ್ಲಿ ಕಾರ್ಮಿಕ ನಾಯಕ ಲೆಖ್ ವಾವೆನ್ಸಾ ಕೂಡ ಅಧ್ಯಕ್ಷ ಚುನಾವಣೆಯಲ್ಲಿ ಸೋತರು. ಆದರೆ ಗೆದ್ದವರು ಹಳೆಯ ಏಕಪಕ್ಷ ಆಡಳಿತವನ್ನು ವಾಪಸ್ ತರಲಿಲ್ಲ. ಮುಂದಿನ ಚುನಾವಣೆಯಲ್ಲಿ ಅವರೂ ಸೋತು ಇಳಿದರು. ಅಷ್ಟರಲ್ಲಿ ಆರ್ಥಿಕತೆ ಚೇತರಿಸಿಕೊಂಡಿತ್ತು. 2004ರಲ್ಲಿ ಪೋಲೆಂಡ್ ಐರೋಪ್ಯ ಒಕ್ಕೂಟ ಸೇರಿತು.

ರಷ್ಯಾ

ರಷ್ಯಾದಲ್ಲಿ 1992ರ ಜನವರಿ 2ರಂದು ಬೆಲೆ ನಿಯಂತ್ರಣ ತೆಗೆದರು. ಆ ಒಂದೇ ವರ್ಷದಲ್ಲಿ ಬೆಲೆಗಳು ಸುಮಾರು 26 ಪಟ್ಟಾದವು. ಅಂದರೆ ಬ್ಯಾಂಕಿನಲ್ಲಿಟ್ಟ 100 ರೂಬಲ್ ವರ್ಷದ ಕೊನೆಗೆ 4 ರೂಬಲ್‌ನಷ್ಟು ಸಾಮಾನನ್ನೂ ಕೊಳ್ಳಲಾರದು. ಜೀವಮಾನದ ಉಳಿತಾಯ ಹೋಯಿತು. ಇನ್ನೊಂದು ಕಡೆ ಸರ್ಕಾರಿ ತೈಲ ಮತ್ತು ಲೋಹದ ದೊಡ್ಡ ಕಂಪನಿಗಳು ಕೆಲವೇ ಶ್ರೀಮಂತರ ಕೈಗೆ ಕಡಿಮೆ ಬೆಲೆಗೆ ಹೋದವು. 1998ರ ಆಗಸ್ಟ್‌ನಲ್ಲಿ ಸರ್ಕಾರ ಸಾಲ ತೀರಿಸಲಾಗದೆ ಕೈಚೆಲ್ಲಿತು, ರೂಬಲ್ ಮತ್ತೆ ಕುಸಿಯಿತು. ಇಷ್ಟಾದರೂ 1999ರ ಕೊನೆಯವರೆಗೂ ಅಧ್ಯಕ್ಷರ ಕುರ್ಚಿ ಯೆಲ್ಟ್‌ಸಿನ್ ಅವರದೇ ಆಗಿತ್ತು. ಅವರ ನಂತರ ಪುಟಿನ್ ಬಂದರು. ಅದೇ ಕಾಲಕ್ಕೆ ತೈಲದ ಬೆಲೆ ಏರತೊಡಗಿತು. ಸಂಬಳ, ಪಿಂಚಣಿ ಸರಿಯಾಗಿ ಸಿಗತೊಡಗಿದವು. ಜನರ ಲೆಕ್ಕದಲ್ಲಿ ನಷ್ಟವೆಲ್ಲ ಪ್ರಜಾಪ್ರಭುತ್ವದ ಖಾತೆಗೆ, ಲಾಭವೆಲ್ಲ ಗಟ್ಟಿ ನಾಯಕನ ಖಾತೆಗೆ ಜಮಾ ಆಯಿತು.

ಅಲ್ಬೇನಿಯಾ

ನನಗೆ ಹೆಚ್ಚು ಹತ್ತಿರವೆನಿಸಿದ್ದು ಈ ಚಿಕ್ಕ ದೇಶ. ಇಲ್ಲಿ ಮುಸ್ಲಿಮರೇ ಹೆಚ್ಚು. 1967ರಲ್ಲಿ ಕಮ್ಯುನಿಸ್ಟ್ ಸರ್ಕಾರ ಮಸೀದಿ, ಚರ್ಚುಗಳನ್ನೆಲ್ಲ ಮುಚ್ಚಿಸಿತ್ತು. 1990ರ ಕೊನೆಯಲ್ಲಿ ಅವು ಮತ್ತೆ ತೆರೆಯತೊಡಗಿದವು. ಆದರೆ ಜನರಿಗೆ ಬ್ಯಾಂಕು, ಬಂಡವಾಳದ ಅನುಭವ ಇರಲಿಲ್ಲ. ಸಾಲ ಕೊಡುವ ಬ್ಯಾಂಕುಗಳೂ ಸರಿಯಾಗಿರಲಿಲ್ಲ. ಆಗ ಹುಟ್ಟಿಕೊಂಡವು ಪಿರಮಿಡ್ ಕಂಪನಿಗಳು. ಹೊಸಬರಿಂದ ಪಡೆದ ಹಣವನ್ನೇ ಹಳಬರಿಗೆ ಬಡ್ಡಿಯೆಂದು ಕೊಡುವುದು ಇವುಗಳ ವ್ಯಾಪಾರ. 1996ರ ನವೆಂಬರ್‌ನಲ್ಲಿ ಒಂದು ಕಂಪನಿ ಮೂರು ತಿಂಗಳಲ್ಲಿ ಹಣ ಮೂರು ಪಟ್ಟು ಎಂದಿತು. ಜನ ಮನೆ ಮಾರಿದರು, ರೈತರು ದನಕರು ಮಾರಿದರು. ಈ ಕಂಪನಿಗಳು ಕೊಡಬೇಕಿದ್ದ ಹಣ ದೇಶದ ಜಿಡಿಪಿಯ ಹತ್ತಿರ ಹತ್ತಿರ ಅರ್ಧದಷ್ಟಾಗಿತ್ತು!

1997ರ ಜನವರಿಯಲ್ಲಿ ಕಂಪನಿಗಳು ಒಂದರ ಹಿಂದೆ ಒಂದು ಮುಳುಗತೊಡಗಿದವು. ಸರ್ಕಾರ ನೋಡಿಯೂ ಸುಮ್ಮನಿತ್ತು ಎಂದು ಜನ ರೊಚ್ಚಿಗೆದ್ದರು. ಅದರ ಹಿಂದಿನ ವರ್ಷದ ಚುನಾವಣೆಯೂ ನ್ಯಾಯವಾಗಿ ನಡೆದಿರಲಿಲ್ಲವೆಂಬ ದೂರಿತ್ತು, ಹಾಗಾಗಿ ಮತದ ಮೇಲೂ ನಂಬಿಕೆ ಇರಲಿಲ್ಲ. ಸೈನ್ಯದ ಉಗ್ರಾಣಗಳಿಂದ ಬಂದೂಕು ಲೂಟಿಯಾದವು. ಸುಮಾರು 2,000 ಜನ ಸತ್ತರು. ಕೊನೆಗೆ ಹೊರದೇಶಗಳ ಸೈನ್ಯದ ಕಾವಲಿನಲ್ಲಿ ಅದೇ ಜೂನ್‌ನಲ್ಲಿ ಮತ್ತೆ ಚುನಾವಣೆ ನಡೆಯಿತು. ಆಳುವ ಪಕ್ಷ ಸೋತಿತು, ಅಧ್ಯಕ್ಷ ಸಾಲಿ ಬೆರಿಶಾ ಇಳಿದರು. ಅದೇ ಬೆರಿಶಾ 2005ರಲ್ಲಿ ಮತದ ಮೂಲಕವೇ ಪ್ರಧಾನಿಯಾಗಿ ಬಂದರು, 2013ರಲ್ಲಿ ಮತದಿಂದಲೇ ಹೋದರು.

ಅಂಕಿಅಂಶ ಏನು ಹೇಳುತ್ತದೆ?

ಬಹುಪಕ್ಷ ಪ್ರಜಾಪ್ರಭುತ್ವಕ್ಕೆ ಬದಲಾದದ್ದನ್ನು ಒಪ್ಪುತ್ತೀರಾ ಎಂಬ ಪ್ರಶ್ನೆಗೆ ಹೌದು ಎಂದವರ ಪ್ರಮಾಣವನ್ನು ಪ್ಯೂ ರಿಸರ್ಚ್ ಸೆಂಟರ್ ಪ್ರಕಟಿಸಿದೆ (1991, 2009, 2019 ಕ್ರಮವಾಗಿ):

ಪೋಲೆಂಡ್: ಶೇ. 66, 70, 85
ಉಕ್ರೇನ್: ಶೇ. 72, 30, 51
ರಷ್ಯಾ: ಶೇ. 61, 53, 43

2009ರಲ್ಲಿ ಉಕ್ರೇನಿನ ಆರ್ಥಿಕತೆ ಒಂದೇ ವರ್ಷದಲ್ಲಿ ಸುಮಾರು ಶೇ. 15ರಷ್ಟು ಕುಗ್ಗಿತ್ತು. ಆ ವರ್ಷದ 30 ನೋಡಿ. ಆರ್ಥಿಕ ಪೆಟ್ಟು ಬೆಂಬಲವನ್ನು ತಗ್ಗಿಸುತ್ತದೆ ಎನ್ನುವುದು ಸ್ಪಷ್ಟ. ಆದರೆ ರಷ್ಯಾವನ್ನೂ ನೋಡಿ. 1999ರಿಂದ 2008ರವರೆಗೆ ಅದರ ಆರ್ಥಿಕತೆ ಚೆನ್ನಾಗಿ ಬೆಳೆದರೂ ಬೆಂಬಲ ಇಳಿಯಿತು. ಹಾಗಾದರೆ ದುಡ್ಡು ಬಂದರೆ ಪ್ರಜಾಪ್ರಭುತ್ವ ತಾನಾಗಿಯೇ ಗಟ್ಟಿಯಾಗುವುದಿಲ್ಲ.

ನನಗೆ ತಿಳಿದದ್ದು

1. ಕಷ್ಟ ಬಂದಾಗ ಜನ ಮೊದಲು ಸರ್ಕಾರವನ್ನು ದೂರುತ್ತಾರೆ. ಆ ಸರ್ಕಾರವನ್ನು ಮತದಿಂದ ಇಳಿಸಲು ಸಾಧ್ಯವಾದರೆ ವ್ಯವಸ್ಥೆಯ ಮೇಲಿನ ನಂಬಿಕೆ ಉಳಿಯುವ ಅವಕಾಶ ಹೆಚ್ಚು.
2. ಬಡತನದಷ್ಟೇ ಮೋಸವೂ ನಂಬಿಕೆಯನ್ನು ಕೊಲ್ಲುತ್ತದೆ. ಎಲ್ಲರಿಗೂ ಕಷ್ಟವಾದರೆ ಸಹಿಸಬಹುದು, ಕೆಲವರು ಮಾತ್ರ ದೋಚಿಕೊಂಡರೆ ಸಹಿಸುವುದು ಕಷ್ಟ.
3. ಹಣಕಾಸು ಸಂಸ್ಥೆಗಳ ಮೇಲೆ ಕಣ್ಣಿಡುವುದು ಬರೀ ಕಾಮರ್ಸ್ ವಿಷಯವಲ್ಲ, ಅದು ಪ್ರಜಾಪ್ರಭುತ್ವದ ವಿಷಯವೂ ಹೌದು.

ಇದನ್ನೆಲ್ಲ ಬರೆದು ಅಬ್ಬಾಗೆ ಓದಿ ಹೇಳಿದೆ. ಮತ ಹಾಕಿದರೆ ದುಡ್ಡು ಬರುತ್ತದೆ ಎಂದು ನಾನು ಹೇಳಲಿಲ್ಲ, ಏಕೆಂದರೆ ಅಲ್ಬೇನಿಯಾದ ಜನರಿಗೂ ಹೆಚ್ಚಿನ ಹಣ ವಾಪಸ್ ಬರಲಿಲ್ಲ. ಆದರೆ ಬಂದೂಕು ಹಿಡಿದಾಗ ಅಲ್ಲಿ ಜೀವಗಳು ಹೋದವು, ಮತ ಹಾಕಿದಾಗ ಕಣ್ಣುಮುಚ್ಚಿ ಕೂತವರು ಹೋದರು ಎಂದೆ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗೆ ಹದಿನೆಂಟು ಯಾವಾಗ ತುಂಬುತ್ತೆ?" ಎಂದು ಕೇಳಿದರು. ಮುಂದಿನ ವರ್ಷ ಎಂದೆ. "ಹೆಸರು ಸೇರಿಸೋಕೆ ಹೋಗುವಾಗ ನನ್ನ ಹೆಸರು ಪಟ್ಟಿಯಲ್ಲಿ ಇದೆಯಾ ಅಂತಾನೂ ನೋಡು" ಎಂದರು.