ವಯಸ್ಸಿನ ಎಣಿಕೆ, ದಾರಿಯ ಎಣಿಕೆ: ಹನುಮಸಾಗರದ ಒಂದು ಮನೆಯ ಅನುಭವ

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಹನುಮಸಾಗರ ಸೀಮೆಯಲ್ಲಿ ಮನುಷ್ಯನ ವಯಸ್ಸನ್ನು ಎಣಿಸುವ ಎರಡು ಕ್ರಮಗಳು ಇಂದಿಗೂ ಒಟ್ಟೊಟ್ಟಿಗೆ ಬಳಕೆಯಲ್ಲಿವೆ. ಒಂದು ಕಾಗದದ ಎಣಿಕೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗು ಹುಟ್ಟಿದ 21 ದಿನಗಳೊಳಗೆ ಬರೆಸಬೇಕಾದ ದಿನಾಂಕವೇ ಅದರ ಮೂಲ. ಇನ್ನೊಂದು ನೆನಪಿನ ಎಣಿಕೆ. ಮಗು ಹುಟ್ಟಿದಾಗ ಯಾವ ಮಳೆ ನಡೆದಿತ್ತು, ಹೊಲದಲ್ಲಿ ಯಾವ ಕೆಲಸವಿತ್ತು, ಯಾವ ಹುಣ್ಣಿಮೆ ಅಥವಾ ಅಮಾವಾಸ್ಯೆ ಹತ್ತಿರವಿತ್ತು ಎಂಬುದರ ಮೇಲೆ ಅದು ನಿಂತಿದೆ. ಇಲ್ಲಿ ಮಳೆ ಎಂದರೆ ಬೀಳುವ ನೀರಷ್ಟೇ ಅಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಸುಮಾರು 13-14 ದಿನಗಳ ಅವಧಿಗೆ ಆ ನಕ್ಷತ್ರದ ಹೆಸರನ್ನೇ ಇಟ್ಟು ರೋಹಿಣಿ ಮಳೆ, ಮಿರಗದ ಮಳೆ, ಹಸ್ತಿ ಮಳೆ ಎಂದು ಕರೆಯುವ ರೈತರ ಪಂಚಾಂಗ ಅದು, ಮತ್ತು ನೀರು ಬೀಳದ ವರ್ಷದಲ್ಲಿಯೂ ಆ ಮಳೆ ತನ್ನ ಹೆಸರಿನಲ್ಲಿ ಬಂದು ಹೋಗುತ್ತದೆ.

ಈ ಬರಹಕ್ಕೆ ಆಧಾರವಾಗಿರುವುದು ಹನುಮಸಾಗರದ ಒಂದು ಮನೆಯಲ್ಲಿ ಮಗಳೊಬ್ಬಳು, ಮಗನೊಬ್ಬ ಬೆಳೆದ ಸುಮಾರು 20 ವರ್ಷಗಳ ಅನುಭವ. ಆ ಮನೆಯ ತಂದೆಯೇ ಇದನ್ನು ಬರೆದಿದ್ದರೂ, ಮನೆಯ ಉಳಿದವರಂತೆ ಅವನನ್ನೂ ಹೊರಗಿನಿಂದಲೇ ನೋಡಲಾಗಿದೆ. ಹತ್ತಿರದಿಂದ ನೋಡುವಾಗ ಅವನಿಗೆ ಕಾಣದೆ ಹೋದ ಸಂಗತಿಗಳೇ ಇಲ್ಲಿಯ ಮುಖ್ಯ ವಿಷಯವಾಗಿರುವುದರಿಂದ ಅದು ಅಗತ್ಯವೂ ಹೌದು.

ತಂದೆಯ ಶಾಲಾ ದಾಖಲೆಯಲ್ಲಿರುವ ಜನ್ಮದಿನಾಂಕ 1973ರ ಜೂನ್ 1. ಅವನ ಓಣಿಯ ಸಮವಯಸ್ಕರಲ್ಲಿ ಅನೇಕರ ದಿನಾಂಕವೂ ಜೂನ್ 1. ಶಾಲಾ ವರ್ಷ ಆರಂಭವಾಗುವ ಹೊತ್ತಿಗೆ ಸೇರುವ ವಯಸ್ಸು ತುಂಬಿರಬೇಕೆಂಬ ಕಾರಣಕ್ಕೆ, ಹುಟ್ಟಿದ ದಿನ ಹೇಳಲಾಗದ ಪಾಲಕರ ಮಕ್ಕಳಿಗೆ ಶಿಕ್ಷಕರು ಆ ದಿನವನ್ನೇ ಬರೆದುಕೊಳ್ಳುತ್ತಿದ್ದ ರೂಢಿ ಕರ್ನಾಟಕದ ಹಳ್ಳಿಗಳಲ್ಲೆಲ್ಲ ಇತ್ತು. ಒಂದನೇ ತರಗತಿಯ ಪ್ರವೇಶಕ್ಕೆ ವಯಸ್ಸನ್ನು ಲೆಕ್ಕ ಹಾಕುವ ದಿನವಾಗಿ ಜೂನ್ 1 ಇಂದಿಗೂ ಉಳಿದಿದೆ. ಆದರೆ ಅದೇ ಪ್ರಶ್ನೆಯನ್ನು ಅವನ ಅವ್ವನಿಗೆ ಕೇಳಿದರೆ ಬರುತ್ತಿದ್ದ ಉತ್ತರ ಬೇರೆ: "ಬರ ಬಿದ್ದ ಮರುವರ್ಷ, ಹಸ್ತಿ ಮಳಿ ಹಿಡಿದಿತ್ತು, ನಿಮ್ಮಪ್ಪ ಎರಿ ಹೊಲದಾಗ ಜ್ವಾಳ ಬಿತ್ತಾಕ ಹೋಗಿದ್ದ." 1972ರ ಬರ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರ ದಾಟುವವರೆಗಿನ ಹಸ್ತಿ ಮಳೆ, ಕಪ್ಪು ಮಣ್ಣಿನ ಹೊಲದ ಹಿಂಗಾರಿ ಬಿತ್ತನೆ, ಹೆರಿಗೆಯ ಹೊತ್ತಿಗೆ ಗಂಡ ಹತ್ತಿರ ಇಲ್ಲದಿದ್ದ ಸಂಗತಿ, ಇವೆಲ್ಲವೂ ಒಂದೇ ಮಾತಿನಲ್ಲಿದ್ದವು. ಕಾಗದವು ದಿನವನ್ನು ಮಾತ್ರ ಹೇಳಿತ್ತು, ಅದನ್ನೂ ತಪ್ಪಾಗಿ ಹೇಳಿತ್ತು.

ಹಳೆಯ ಕ್ರಮದಲ್ಲಿ ಮಗುವಿನ ಬೆಳವಣಿಗೆಯ ಹಂತಗಳು ಪ್ರಯಾಣಗಳೊಂದಿಗೆ ಹೆಣೆದುಕೊಂಡಿದ್ದವೆಂಬುದನ್ನು ಗಮನಿಸಬೇಕು. ಕುಬಸದ ನಂತರ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ ಮುಗಿದ ಮೇಲೆ, ಅವಳು ಹೆರಿಗೆಗೆ ತವರಿಗೆ ಹೋಗುತ್ತಾಳೆ. ಬಾಣಂತನ ಮುಗಿದು ತೊಟ್ಟಿಲಿನೊಂದಿಗೆ ಗಂಡನ ಮನೆಗೆ ಬರುವುದು ಮಗುವಿನ ಮೊದಲ ಪ್ರಯಾಣ. ಎರಡನೆಯದು ಜಾವಳ, ಅಂದರೆ ಹುಟ್ಟುಗೂದಲನ್ನು ಮನೆದೇವರ ಸನ್ನಿಧಿಯಲ್ಲಿ ತೆಗೆಸುವ ಆಚರಣೆ. ಈ ಮನೆಯ ಮಕ್ಕಳಿಬ್ಬರೂ ಗಜೇಂದ್ರಗಡದ ತವರಿನಿಂದ ತೊಟ್ಟಿಲಲ್ಲಿ ಬಂದವರು, ಮೂರನೆಯ ವರ್ಷದಲ್ಲಿ ಜಾವಳಕ್ಕೆಂದು ತುಂಗಭದ್ರೆಯ ದಡದ ಹುಲಿಗೆಮ್ಮನ ಗುಡಿಗೆ ಹೋದವರು. ವರ್ಷ ತುಂಬಿತೆಂದು ಕೇಕ್ ಕತ್ತರಿಸುವುದು ಆಮೇಲೆ ಬಂದ ಪದ್ಧತಿ. ಅದರಲ್ಲಿ ತಪ್ಪೇನೂ ಇಲ್ಲ, ಮಕ್ಕಳಿಗೆ ಅದರಿಂದಾಗುವ ಸಂತೋಷ ನಿಜವಾದದ್ದೇ. ಆದರೆ ವಯಸ್ಸು ಮತ್ತು ದಾರಿ ಬೇರೆಬೇರೆಯಾದದ್ದು ಆಗಲೇ. ಹುಟ್ಟುಹಬ್ಬ ಸಂಜೆಯ ಒಂದು ತಾಸಿಗೆ ಸೀಮಿತವಾಯಿತು, ಪ್ರಯಾಣ ರಜೆಯ ವಿಷಯವಾಯಿತು.

ಈ ಸೀಮೆಯಲ್ಲಿ ಕುಟುಂಬದ ಪ್ರಯಾಣವೆಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ, ಅದನ್ನು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕವಾಗುತ್ತದೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಕೆಲಸ ಹುಡುಕಿಕೊಂಡು ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಹೋಗುವುದಕ್ಕೆ ಇಲ್ಲಿ ಗುಳೆ ಎನ್ನುತ್ತಾರೆ. ತಂದೆಯು ತನ್ನ ಬಾಲ್ಯದಲ್ಲಿ, ಈ ತಾಲ್ಲೂಕು ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಎರಡು ಬಾರಿ ಅಪ್ಪ ಅವ್ವನೊಂದಿಗೆ ಗೋವಾಕ್ಕೆ ಗುಳೆ ಹೋಗಿದ್ದನು. ಕಟ್ಟಡದ ಉಸುಕಿನ ಗುಂಪಿಯ ಪಕ್ಕದಲ್ಲಿ ತಂಗಿಯನ್ನು ಆಡಿಸುತ್ತ ಕಳೆದ ಆ ತಿಂಗಳುಗಳಲ್ಲಿ ಅವನು ಸಮುದ್ರವನ್ನು ಒಮ್ಮೆಯೂ ನೋಡಲಿಲ್ಲ. ಮುಂಗಾರಿನ ಬಿತ್ತಿಗೆಗೆ ರೋಹಿಣಿ ಮಳೆಯ ಹೊತ್ತಿಗೆ ಊರಿಗೆ ಮರಳಿದಾಗ ಶಾಲೆಯ ಪಾಠ ಅವನನ್ನು ಬಿಟ್ಟು ಬಹುದೂರ ಹೋಗಿತ್ತು. ಇಂದಿಗೂ ಈ ಭಾಗದ ಎಷ್ಟೋ ಮಕ್ಕಳು ತಮ್ಮ ಐದನೆಯ ಅಥವಾ ಆರನೆಯ ವರ್ಷವನ್ನು ಹೀಗೆಯೇ ತುಂಬಿಸುತ್ತಾರೆ. ಆದ್ದರಿಂದ ಮಕ್ಕಳನ್ನು ನೋಡುವುದಕ್ಕಾಗಿಯೇ ಎಲ್ಲಿಗಾದರೂ ಕರೆದೊಯ್ಯುವುದು ಈ ತಂದೆಗೆ ಸಾಮಾನ್ಯ ಸಂಗತಿಯಾಗಿರಲಿಲ್ಲ; ಅದು ತನಗೆ ಸಿಗದಿದ್ದುದನ್ನು ಮಕ್ಕಳ ಮೂಲಕ ತೀರಿಸಿಕೊಳ್ಳುವ ಋಣವಾಗಿತ್ತು, ಮತ್ತು ಅವನ ಮೊದಲ ತಪ್ಪಿನ ಬೇರು ಅಲ್ಲಿಯೇ ಇತ್ತು.

ಋಣ ತೀರಿಸುವವನಿಗೆ ಅವಸರ ಹೆಚ್ಚು. ಮಗಳಿಗೆ ಏಳು ತುಂಬಿದ ಚಳಿಗಾಲದಲ್ಲಿ ಅವನು ಒಂದೇ ದಿನದಲ್ಲಿ ಐಹೊಳೆ, ಪಟ್ಟದಕಲ್ಲು, ಬಾದಾಮಿ ಮೂರನ್ನೂ ತೋರಿಸಿದನು. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ತಾಣವಾಯಿತೆಂದು, ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆಯೆಂದು, ಚಾಲುಕ್ಯರ ಮಂಗಳೇಶನ ಹೆಸರು ಅದರಲ್ಲಿದೆಯೆಂದು ಏದುಸಿರು ಬಿಡುತ್ತಲೇ ಹೇಳಿದನು, ಕೂತು ಉಂಡರೆ ಹೊತ್ತು ಹೋಗುತ್ತದೆಂದು ಬುತ್ತಿಯನ್ನು ಗಾಡಿಯಲ್ಲಿಯೇ ತಿನ್ನಿಸಿದನು. ಮನೆಗೆ ಬಂದ ಮೇಲೆ ಮಗಳು ಅಜ್ಜಿಗೆ ಹೇಳಿದ್ದು ಎರಡೇ ಸಂಗತಿ: ಬಾದಾಮಿಯ ಮಂಗ ಯಾರದೋ ಕೈಯ ಬಾಳೆಹಣ್ಣು ಕಸಿದದ್ದು, ಮಲಪ್ರಭೆಯ ದಡದಲ್ಲಿ ಕಾಲು ತೋಯಿಸಬೇಕೆಂದರೆ ಅಪ್ಪ ಬಿಡದಿದ್ದದ್ದು. ತಂದೆಗೆ ಆ ರಾತ್ರಿ ನೋವಾಯಿತು. ಆದರೆ ಮಗು ಸುಳ್ಳು ಹೇಳಿರಲಿಲ್ಲ. ಅವನು ತೋರಿಸಿದ್ದು ತನ್ನ ಬಾಲ್ಯಕ್ಕೆ, ಮಗುವಿಗಲ್ಲ.

ಮರುವರ್ಷದಿಂದ ಕ್ರಮ ಬದಲಾಯಿತು. ಮಗಳ ಹುಟ್ಟುಹಬ್ಬದ ಆಸುಪಾಸಿನ ಒಂದು ಭಾನುವಾರ, ಒಂದೇ ಸ್ಥಳಕ್ಕೆ, ಪ್ರತಿವರ್ಷವೂ ಅದೇ ಸ್ಥಳಕ್ಕೆ ಹೋಗುವುದೆಂದು ಮನೆಯವರು ನಿಶ್ಚಯಿಸಿದರು. ಆ ಸ್ಥಳ ಕುಕನೂರಿನ ಸಮೀಪದ ಇಟಗಿ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಅಲ್ಲಿಯ ಮಹಾದೇವ ದೇವಾಲಯವು ದೇವಾಲಯ ಚಕ್ರವರ್ತಿ ಎಂಬ ಬಿರುದನ್ನು ಪಡೆದಿದೆ. ಬಳಪದ ಕಲ್ಲನ್ನು ತಿರುಗಿಸಿ ಕಡೆದ ಅದರ ಮಂಟಪದ ಕಂಬಗಳಲ್ಲಿ ಬಳೆ ತೊಡಿಸಿದಂತೆ ಒಂದರ ಮೇಲೊಂದು ಸುತ್ತುಪಟ್ಟಿಗಳಿವೆ. ಸಂರಕ್ಷಿತ ಸ್ಮಾರಕದ ಮೇಲೆ ಗೆರೆ ಎಳೆಯುವುದು ಸಲ್ಲದಾದ್ದರಿಂದ ಕಣ್ಣಳತೆಯಲ್ಲಿಯೇ ಕೆಲಸ ನಡೆಯಿತು: ಮಗಳು ಒಂದು ಕಂಬದ ಪಕ್ಕದಲ್ಲಿ ನಿಲ್ಲುವಳು, ಅವಳ ನೆತ್ತಿ ಯಾವ ಪಟ್ಟಿಗೆ ಬಂದಿದೆಯೆಂದು ತಾಯಿ ಹೇಳುವಳು. ದಿನವೂ ಕಣ್ಣೆದುರಿಗಿರುವ ಮಗು ಬೆಳೆಯುವುದು ಪಾಲಕರಿಗೆ ಕಾಣುವುದಿಲ್ಲ, ಏಕೆಂದರೆ ಅವರೂ ಅದರೊಂದಿಗೇ ಸಾಗುತ್ತಿರುತ್ತಾರೆ. ಒಂಬೈನೂರು ವರ್ಷಗಳಿಂದ ಅಲುಗದೆ ನಿಂತ ಕಲ್ಲಿನ ಮುಂದೆ ಒಂದು ವರ್ಷದ ಬೆಳವಣಿಗೆ ತಟ್ಟನೆ ಕಂಡುಬರುತ್ತದೆ. ಹೊಸ ಊರಿನಲ್ಲಿ ಊರು ಕಾಣುತ್ತದೆ, ಮತ್ತೆ ಬಂದ ಊರಿನಲ್ಲಿ ಮಗು ಕಾಣುತ್ತದೆ ಎಂಬುದು ಈ ಮನೆ ಕಲಿತ ಮುಖ್ಯ ಪಾಠ.

ಸ್ಥಳಗಳಿಗೂ ಅವುಗಳದೇ ಹಂಗಾಮು ಇರುತ್ತದೆಂಬುದು ಇನ್ನೊಂದು ಪಾಠ. ಕಬ್ಬರಗಿಯ ಹತ್ತಿರದ ಕಪಿಲತೀರ್ಥ ಮಳೆಗಾಲದಲ್ಲಿ ಮೈದುಂಬುವ ಸಣ್ಣ ಜಲಪಾತ. ಮಗನ ಹುಟ್ಟುಹಬ್ಬ ಏಪ್ರಿಲ್‌ನಲ್ಲಿ ಬರುವುದರಿಂದ ಒಮ್ಮೆ ಅವನ ಹಟಕ್ಕೆ ಸುಡುಬಿಸಿಲಿನಲ್ಲಿ ಹೋದಾಗ ಬರೀ ಬಂಡೆ ಕಂಡಿತು, ಮಗ ಅತ್ತನು. ಅದೇ ವರ್ಷ ಹುಬ್ಬಿ ಮಳೆಯಲ್ಲಿ, ಆಗಸ್ಟ್ ಮುಗಿದು ಸೆಪ್ಟೆಂಬರ್ ಮೊದಲಾಗುವ ಆ ದಿನಗಳಲ್ಲಿ, ಮತ್ತೆ ಹೋದಾಗ ಅದೇ ಬಂಡೆಯ ಮೇಲಿಂದ ನೀರು ಧುಮುಕುತ್ತಿತ್ತು. ಹುಟ್ಟಿದ ದಿನವನ್ನು ನೀರು ಬರುವ ದಿನಕ್ಕೆ ಮುಂದೂಡಬಹುದೆಂದು ಆಗ ಮಗನೇ ಹೇಳಿದನು. ಅಂದಿನಿಂದ ಅವನಿಗೆ ಏಪ್ರಿಲ್‌ನಲ್ಲಿ ಕೇಕು, ಹುಬ್ಬಿ ಮಳೆಯಲ್ಲಿ ಕಪಿಲತೀರ್ಥ. ಅಜ್ಜಿಯ ಪಂಚಾಂಗವನ್ನು ಅವನು ತನಗರಿಯದೆಯೇ ಒಪ್ಪಿಕೊಂಡಿದ್ದನು.

ಈ ಪ್ರಯಾಣಗಳಿಗೆಲ್ಲ ಮೂಲಮಾದರಿಯಾಗಿ ನಿಂತದ್ದು ಚರಗ. ಶೀಗಿ ಹುಣ್ಣಿಮೆ ಮತ್ತು ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಅಡುಗೆಯ ಒಂದು ಪಾಲನ್ನು ಭೂತಾಯಿಗೆಂದು ಹೊಲದ ಸುತ್ತ ಚೆಲ್ಲುವ ಆಚರಣೆಗೆ ಈ ಭಾಗದಲ್ಲಿ ಚರಗ ಚೆಲ್ಲುವುದು ಎನ್ನುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಬುತ್ತಿಯನ್ನ ಇವೆಲ್ಲ ಆ ದಿನದ ಅಡುಗೆ. ಚರಗದಲ್ಲಿ ಪ್ರೇಕ್ಷಕರಿಲ್ಲ, ಎಲ್ಲರಿಗೂ ಒಂದೊಂದು ಕೆಲಸವಿರುತ್ತದೆ, ಸಣ್ಣ ಮಗುವಿನ ಕೈಗೂ ನೀರಿನ ತಂಬಿಗೆ ಇರುತ್ತದೆ. ಇಟಗಿಯ ಪ್ರಯಾಣದಲ್ಲಿ ಮಕ್ಕಳು ಬೇಸರಪಡಲು ಆರಂಭಿಸಿದ ವರ್ಷ ತಾಯಿ ಈ ವ್ಯತ್ಯಾಸವನ್ನು ಗುರುತಿಸಿ, ಪ್ರತಿ ಹುಟ್ಟುಹಬ್ಬಕ್ಕೆ ಉಡುಗೊರೆಯೊಂದಿಗೆ ಒಂದು ಕೆಲಸವನ್ನೂ ಒಪ್ಪಿಸುವ ಪದ್ಧತಿಯನ್ನು ತಂದಳು. ಮಗಳಿಗೆ ಮೊದಲು ಸಿಕ್ಕದ್ದು ರೊಟ್ಟಿ ಎಣಿಸುವ ಕೆಲಸ: ಎಷ್ಟು ಜನ ಹೊರಡುತ್ತಾರೆ, ಯಾರಿಗೆ ಎಷ್ಟು ಬೇಕು, ದಾರಿಯಲ್ಲಿ ಕೇಳಿದವರಿಗೆಂದು ಎಷ್ಟು ಹೆಚ್ಚಿಡಬೇಕು ಎಂದು ಲೆಕ್ಕ ಹಾಕಿ ಬುತ್ತಿ ಕಟ್ಟಿಸುವುದು. ಹನ್ನೊಂದಕ್ಕೆ ಬಸ್ಸಿನ ಟಿಕೆಟಿನ ಹಣ ಅವಳ ಕೈಗೆ ಬಂತು, ರೊಟ್ಟಿಯ ಲೆಕ್ಕ ತಮ್ಮನಿಗೆ ಹೋಯಿತು. ಹದಿನಾಲ್ಕಕ್ಕೆ ಹೋಗುವ ದಾರಿಯನ್ನು ನಿರ್ಧರಿಸುವ ಅಧಿಕಾರವೂ ಅವಳದಾಯಿತು, ಮತ್ತು ಅವಳು ಆ ವರ್ಷ ಎಲ್ಲರನ್ನೂ ಗಂಗಾವತಿಯ ಕಡೆಗೆ ಕರೆದೊಯ್ದು, ಆಂಜನೇಯನ ಜನ್ಮಸ್ಥಳವೆಂದು ಭಕ್ತರು ನಂಬುವ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಿಸಿದಳು. ಅರ್ಧ ದಾರಿಯಲ್ಲಿ ಕೂತು ಉಸಿರು ತೆಗೆದುಕೊಳ್ಳಬೇಕಾದವನು ತಂದೆ, ಕಾದು ನಿಂತವಳು ಮಗಳು.

ಬೆಳೆದ ಮಕ್ಕಳು ದೂರ ಸರಿಯುವ ಕಾಲದಲ್ಲಿ ತಂದೆಯ ಎರಡನೆಯ ತಪ್ಪು ನಡೆಯಿತು. ಹದಿನಾರರ ಮಗಳು ಇಟಗಿಗೆ ಬರುವುದಿಲ್ಲವೆಂದಾಗ ಅವನು ಅದನ್ನು ತಿರಸ್ಕಾರವೆಂದು ತಿಳಿದು ಎರಡು ದಿನ ಮಾತು ಬಿಟ್ಟನು. ಅವನ ಅವ್ವ ಹೇಳಿದ್ದು ಇಷ್ಟೇ: "ತೊಟ್ಟಲಾ ಕಟ್ಟಿದವ್ರು ತೊಟ್ಟಲಾ ಬಿಚ್ಚಾಕೂ ಬೇಕಪ್ಪ." ಮಗು ತೊಟ್ಟಿಲು ದಾಟಿದ ದಿನ ಯಾರೂ ಅಳುವುದಿಲ್ಲ, ಅದನ್ನು ಅಟ್ಟದ ಮೇಲೆ ಎತ್ತಿಡುತ್ತಾರೆ; ಜೊತೆಯಲ್ಲಿ ಹೋಗುವ ಪ್ರಯಾಣಗಳೂ ಹಾಗೆ ಎತ್ತಿಡಬೇಕಾದ ಕಾಲ ಬರುತ್ತದೆ. 2025ರ ಮೇ ತಿಂಗಳಲ್ಲಿ ಗದಗ-ವಾಡಿ ಮಾರ್ಗದ ತಳಕಲ್ಲಿನಿಂದ ಕುಷ್ಟಗಿವರೆಗಿನ ಭಾಗದಲ್ಲಿ ರೈಲು ಆರಂಭವಾಯಿತು. ರೈಲು ನೋಡಲು ಕೊಪ್ಪಳಕ್ಕೋ ಬಾದಾಮಿಗೋ ಹೋಗಬೇಕಾಗಿದ್ದ ಬಾಲ್ಯ ತಂದೆಯದು. ಅವನ ಮಗಳು ಆ ವರ್ಷ ಧಾರವಾಡದ ಕಾಲೇಜಿಗೆ ಸೇರಲು ಕುಷ್ಟಗಿಯಲ್ಲಿಯೇ ರೈಲು ಹತ್ತಿ, ಹುಬ್ಬಳ್ಳಿಯವರೆಗೆ ಒಬ್ಬಳೇ ಹೋದಳು. ಗುಳೆಗೆ ಹೊರಟ ಗಂಟುಗಳನ್ನು ಕಂಡಿದ್ದ ಅಜ್ಜಿ, ಈ ಗಂಟಿನಲ್ಲಿ ಪುಸ್ತಕಗಳಿದ್ದವೆಂದು ಮುಟ್ಟಿ ನೋಡಿ ಕಳುಹಿಸಿದಳು.

ಇಳಕಲ್ಲಿಗೆ ಸಮೀಪದ ಈ ಸೀಮೆಯಲ್ಲಿ ಇಳಕಲ್ ಸೀರೆ ನೇಯುವ ಮನೆಗಳಿವೆ. ಆ ಸೀರೆಯ ಒಡಲಿನ ಹಾಸು ಬೇರೆ, ರೇಷ್ಮೆಯ ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಸೆರಗಿನ ನೇಯ್ಗೆ ಸಾಗುತ್ತದೆ. ಪಾಲಕರ ಕಾಲಕ್ಕೂ ಮಕ್ಕಳ ಕಾಲಕ್ಕೂ ಇರಬೇಕಾದ ಸಂಬಂಧ ಅಂಥದು: ಬಣ್ಣ ಒಂದೇ ಆಗಬೇಕಿಲ್ಲ, ಕೊಂಡಿ ಮಾತ್ರ ಎಳೆಎಳೆಗೂ ಬಿದ್ದಿರಬೇಕು, ಮತ್ತು ಅದನ್ನು ಹಾಕುವ ಕೆಲಸಕ್ಕೆ ಅವಸರ ಆಗದು. ದೊಡ್ಡ ಪ್ರವಾಸಗಳಿಗಿಂತ ವರ್ಷವರ್ಷವೂ ತಪ್ಪದ ಸಣ್ಣ ಪ್ರಯಾಣಗಳು, ದುಬಾರಿ ಉಡುಗೊರೆಗಳಿಗಿಂತ ನಂಬಿ ಒಪ್ಪಿಸಿದ ಕೆಲಸಗಳು ಆ ಕೊಂಡಿಯನ್ನು ಗಟ್ಟಿಯಾಗಿ ಹಿಡಿದವೆಂಬುದು ಈ ಮನೆಯ ಅನುಭವ.

ಮಗಳು ಧಾರವಾಡಕ್ಕೆ ಹೋದ ವರ್ಷದ ಎಳ್ಳ ಅಮಾವಾಸ್ಯೆಗೆ ಪರೀಕ್ಷೆಯ ಕಾರಣದಿಂದ ಅವಳು ಊರಿಗೆ ಬರಲಿಲ್ಲ. ಬನ್ನಿ ಗಿಡದ ಕೆಳಗೆ ಬುತ್ತಿ ಬಿಚ್ಚಿದಾಗ ಎರಡು ರೊಟ್ಟಿ ಹೆಚ್ಚಾದವು. ಲೆಕ್ಕ ತಪ್ಪಿತೇ ಎಂದು ತಾಯಿ ಕೇಳಿದ್ದಕ್ಕೆ ಹದಿನಾಲ್ಕರ ಮಗ, "ಇಲ್ಲವ್ವ, ಅಕ್ಕಂದೂ ಎಣಿಸೇನಿ" ಎಂದನು. ಆ ಎರಡು ರೊಟ್ಟಿಗಳನ್ನು ಅಜ್ಜಿ ಮುರಿದು ಚರಗದ ಬುಟ್ಟಿಗೆ ಹಾಕಿದಳು, ತಂದೆ ಅದನ್ನು ಎತ್ತಿಕೊಂಡು, ಎದೆಮಟ್ಟ ನಿಂತ ಜೋಳದ ಅಂಚಿನಲ್ಲಿ ಹೊಲ ಸುತ್ತಲು ಹೊರಟನು.