ಕದಿರು

ಮಳೆಗಾಲದ ಸಂಜೆ ಮೋಡದ ಸಂದಿನಿಂದ ಬೆಳಕು ಬೀಸಣಿಗೆಯಂತೆ ಹರಡುವುದನ್ನು ಕಾಣುತ್ತೇವೆ. ‘ಸೂರ್ಯಕಿರಣ’ವೆಂದು ಬರೆದು ಮುಂದೆ ಹೋಗುತ್ತೇವೆ. ಅದಕ್ಕೆ ಅಚ್ಚಗನ್ನಡದ ಮಾತು ‘ಕದಿರು’. ಪಠ್ಯದಲ್ಲಿ ಅದು ಬಂದೊಡನೆ ಮಕ್ಕಳು ನಿಘಂಟು ಹುಡುಕುತ್ತಾರೆ. ಮನೆಯಲ್ಲಿ ಹಿರಿಯರ ಬಾಯಲ್ಲಿ ಅದು ಇದ್ದೇ ಇದೆ! ನಮ್ಮ ಕಾಸರಗೋಡಿನ ಕಡೆ ಕದಿರೆಂದರೆ ಭತ್ತದ ತೆನೆ. ಹೊಸ ಫಸಲು ಬಂದಾಗ ಮನೆಗೆ ಕದಿರು ಕಟ್ಟುತ್ತೇವಷ್ಟೆ. ನೂಲುವ ರಾಟೆಯ ಕಡ್ಡಿಯೂ ಕದಿರೇ. ನೆರೆಯ ಮಲಯಾಳದ ‘ಕತಿರ್’ ಸಹ ತೆನೆಯೂ ಹೌದು, ರಶ್ಮಿಯೂ ಹೌದು.

ಹಳಗನ್ನಡದಲ್ಲಿ ಚಂದ್ರನು ‘ತಣ್ಗದಿರ’, ಸೂರ್ಯನು ‘ಬಿಸುಗದಿರ’. ಬಿಸಿಯಾದ ಕದಿರುಳ್ಳವನು ಎಂದು ಬಹುವ್ರೀಹಿ; ಕಕಾರಕ್ಕೆ ಗಕಾರ ಆದೇಶ.

ಅಂದಹಾಗೆ, ಆ ಕದಿರುಗಳು ನಿಜವಾಗಿ ಹರಡಿರುವುದಿಲ್ಲ. ಸೂರ್ಯನು ಸುಮಾರು 15 ಕೋಟಿ ಕಿಲೋಮೀಟರ್ ದೂರವಿರುವುದರಿಂದ ಅವು ಬಹುಮಟ್ಟಿಗೆ ಸಮಾನಾಂತರ. ರೈಲುಹಳಿಗಳು ದೂರದಲ್ಲಿ ಕೂಡಿದಂತೆ ತೋರುವುದಿಲ್ಲವೇ, ಹಾಗೆ.