ಜೀವಕೋಶದ ಬರಹವೂ ಗಣಕಯಂತ್ರದ ಪದಚ್ಛೇದವೂ

ಹುಮನಾಬಾದ ತಾಲ್ಲೂಕಿನ ಜಲಸಂಗಿಯ ದೇವಾಲಯದ ಭಿತ್ತಿಯಲ್ಲಿ ಶಾಸನ ಬರೆಯುತ್ತಿರುವ ಸುಂದರಿಯ ಶಿಲ್ಪವನ್ನು ಬಸವಕಲ್ಯಾಣ, ಹುಮನಾಬಾದಗಳ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿರಬಹುದು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪದಪದಗಳ ನಡುವೆ ತೆರಪು ಬಿಡುವ ರೂಢಿಯಿಲ್ಲ. ಪದವೆಲ್ಲಿ ಮುಗಿಯಿತು, ಸಂಧಿಯೆಲ್ಲಿ ಆಯಿತು ಎಂಬುದನ್ನು ಓದುವವನೇ ನಿರ್ಣಯಿಸಬೇಕು. ಮಾನವನ ಜೀವಕೋಶದ ಪ್ರೋಟೀನುಗಳೂ ಇಂತಹ ತೆರಪಿಲ್ಲದ ಬರಹಗಳೇ. ಅವುಗಳ ವರ್ಣಮಾಲೆಯೆಂದರೆ ಇಪ್ಪತ್ತು ಅಮೈನೋ ಆಮ್ಲಗಳು.

ಕೋಶವನ್ನು ಸುತ್ತಿರುವ ಪೊರೆ ಕೊಬ್ಬಿನ ಎರಡು ಪದರಗಳಿಂದಾದುದು. ಅದರ ಒಳಭಾಗ ನೀರನ್ನೊಲ್ಲದು. ಆದುದರಿಂದ ಪೊರೆಯನ್ನು ಹಾಯ್ದು ನಿಲ್ಲುವ ಪ್ರೋಟೀನಿನ ಭಾಗದಲ್ಲಿಯೂ ನೀರನ್ನೊಲ್ಲದ ಅಮೈನೋ ಆಮ್ಲಗಳೇ ಹೆಚ್ಚಾಗಿರಬೇಕು. ಆ ಜಿಡ್ಡಿನ ಭಾಗದ ದಪ್ಪ ಸುಮಾರು 30 ಆಂಗ್‌ಸ್ಟ್ರಾಮ್. ಸುರುಳಿಗೊಂಡ ಪ್ರೋಟೀನಿನಲ್ಲಿ ಒಂದೊಂದು ಅಮೈನೋ ಆಮ್ಲ ಏರುವುದು 1.5 ಆಂಗ್‌ಸ್ಟ್ರಾಮ್. ಭಾಗಿಸಿದರೆ 20 ಬರುತ್ತದೆ. 1982ರಲ್ಲಿ ಕೈಟ್ ಮತ್ತು ಡೂಲಿಟಲ್ ಎಂಬ ವಿಜ್ಞಾನಿಗಳು ಒಂದೊಂದು ಅಮೈನೋ ಆಮ್ಲಕ್ಕೂ ಅಂಕ ಕೊಟ್ಟರು: ಐಸೋಲ್ಯೂಸಿನ್‌ಗೆ 4.5, ಆರ್ಜಿನೀನ್‌ಗೆ ಋಣ 4.5. ಗಣಕಯಂತ್ರವು 19 ಅಕ್ಷರಗಳ ಕಿಟಕಿಯನ್ನು ಬರಹದುದ್ದಕ್ಕೂ ಸರಿಸುತ್ತ, ಸರಾಸರಿಯು 1.6ನ್ನು ಮೀರಿದಲ್ಲಿ ಅದು ಪೊರೆಯನ್ನು ಹಾಯುವ ಭಾಗವಿರಬಹುದೆಂದು ಗುರುತಿಸುತ್ತದೆ.

ತೊಡಕಿರುವುದು ಮುಂದೆ. ಮಾನವ ಶರೀರದ ಸುಮಾರು 150 ಪ್ರೋಟೀನುಗಳು ಪೊರೆಯನ್ನು ಹಾಯದೆ, ಜಿಪಿಐ ಎಂಬ ಸಕ್ಕರೆ–ಕೊಬ್ಬಿನ ಲಂಗರಿನಿಂದ ಅದರ ಹೊರಮೈಗೆ ಕಟ್ಟಿಕೊಂಡಿರುತ್ತವೆ. ಇವುಗಳ ಮೂಲ ಬರಹದ ಕೊನೆಯಲ್ಲಿಯೂ ನೀರನ್ನೊಲ್ಲದ ಬಾಲವೊಂದಿದೆ. ಅಂಕಗಳನ್ನಷ್ಟೇ ನಂಬಿದ ಯಂತ್ರ ಮೋಸಹೋಗುವುದು ಇಲ್ಲಿಯೇ. ವಾಸ್ತವದಲ್ಲಿ ಆ ಬಾಲವು ಕೋಶದೊಳಗೆ ಕತ್ತರಿಸಿಹೋಗಿ, ಅದರ ಸ್ಥಾನದಲ್ಲಿ ಲಂಗರು ಬಂದು ಸೇರುತ್ತದೆ. ವ್ಯಾಕರಣ ಬಲ್ಲವರು ಇದನ್ನು ಲೋಪವೆನ್ನರು, ಆಗಮವೆನ್ನರು. ಇದು ಆದೇಶವೇ ಸರಿ. ಆದೇಶಕ್ಕೆ ನಿಮಿತ್ತ ಬೇಕಷ್ಟೆ: ಕತ್ತರಿಸುವೆಡೆಯಲ್ಲಿ ಗ್ಲೈಸೀನ್, ಸೆರೀನ್‌ಗಳಂತಹ ಚಿಕ್ಕ ಅಮೈನೋ ಆಮ್ಲಗಳು, ಅನಂತರ ಕೆಲವು ಅಕ್ಷರಗಳ ಅಂತರ, ಬಳಿಕ ಬಾಲ. ಈ ಲಕ್ಷಣಗಳನ್ನು ಸೂತ್ರೀಕರಿಸಿ 1999ರಲ್ಲಿ ಐಸೆನ್‌ಹಾಬರ್ ಮತ್ತು ಸಂಗಡಿಗರು ಗಣಕವಿಧಾನವೊಂದನ್ನು ಪ್ರಕಟಿಸಿದರು. 2021ರ ನೆಟ್‌ಜಿಪಿಐ ಎಂಬ ವಿಧಾನವಾದರೋ ಗೊತ್ತಿರುವ ಉದಾಹರಣೆಗಳಿಂದ ತಾನೇ ಕಲಿತು ಊಹಿಸುತ್ತದೆ.

ಇದು ಬರಿಯ ಬುದ್ಧಿವಿಲಾಸವಲ್ಲ. ಎಲುಬಿನ ಮಜ್ಜೆಯ ಮೂಲಕೋಶವೊಂದರಲ್ಲಿ ಪಿಗ್‌-ಎ ಎಂಬ ಜೀನ್ ಕೆಟ್ಟರೆ ಲಂಗರು ಸಿದ್ಧವಾಗದು. ಆ ಕೋಶದಿಂದ ಹುಟ್ಟಿದ ಕೆಂಪು ರಕ್ತಕಣಗಳಿಗೆ ಸಿಡಿ55, ಸಿಡಿ59 ಎಂಬ ಎರಡು ಕಾವಲುಗಾರ ಪ್ರೋಟೀನುಗಳು ತಪ್ಪಿಹೋಗಿ, ಶರೀರದ ರಕ್ಷಣಾವ್ಯವಸ್ಥೆಯೇ ಅವನ್ನು ಒಡೆಯುತ್ತದೆ. ರೋಗಿಯ ಮೂತ್ರ ಬೆಳಗಿನ ಹೊತ್ತು ಕಪ್ಪಾಗಿ ಹೋಗುವುದುಂಟು.

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದೊಡನೆ 2003ರಲ್ಲಿ ಪ್ರಕಟಿಸಿದ ಮಾಹಿತಿಭಂಡಾರವು ನಿಘಂಟುಕಾರರ ಶ್ರಮವನ್ನೇ ನೆನಪಿಸುತ್ತದೆ: ಸಂಶೋಧನ ಪ್ರಬಂಧಗಳನ್ನು ಓದಿ ಓದಿ, ಒಂದೊಂದು ಪ್ರೋಟೀನು ಕೋಶದ ಯಾವ ಎಡೆಯಲ್ಲಿರುತ್ತದೆಂಬುದನ್ನು ಅಲ್ಲಿ ದಾಖಲಿಸಲಾಯಿತು. 2014ರಲ್ಲಿ ಇವೇ ಸಂಸ್ಥೆಗಳ ನೇತೃತ್ವದಲ್ಲಿ ಮಾನವನ 30 ಬಗೆಯ ಅಂಗಾಂಶ ಮತ್ತು ಕೋಶಗಳನ್ನು ಪರೀಕ್ಷಿಸಿ 17,294 ಜೀನ್‌ಗಳ ಪ್ರೋಟೀನುಗಳನ್ನು ಗುರುತಿಸಲಾಯಿತು.

ಗಣಕಯಂತ್ರ ಹೇಳುವುದು ಊಹೆಯನ್ನು ಮಾತ್ರ. ಪ್ರಯೋಗಾಲಯದಲ್ಲಿ ಲಂಗರನ್ನೇ ಕತ್ತರಿಸುವ ಕಿಣ್ವವನ್ನು ಕೋಶಗಳಿಗೆ ಬೆರೆಸುತ್ತಾರೆ. ಪ್ರೋಟೀನು ಪೊರೆಯಿಂದ ಕಳಚಿ ದ್ರವದೊಳಕ್ಕೆ ಬಂದರೆ ಬಹುಮಟ್ಟಿಗೆ ಪದಚ್ಛೇದ ಸರಿಯಾಯಿತೆಂದೇ ಅರ್ಥ.